ಮನೆಯ ವೈ-ಫೈ ಸ್ಪೀಕರಿಗೆ ಡಿಎಲ್‌ಎನ್‌ಎ ಇರಲೇಬೇಕೇ?

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಮನೆಗಳಲ್ಲಿ ತಾಳಮದ್ದಳೆ, ಯಕ್ಷಗಾನದ ಹಳೆಯ ಕ್ಯಾಸೆಟ್‌ಗಳು ಈಗ ಎಂಪಿ3 ಆಗಿ ಹಾರ್ಡ್‌ಡಿಸ್ಕ್ ಸೇರಿವೆ. ಅವನ್ನು ಚಾವಡಿಯಲ್ಲೂ ಅಡುಗೆಮನೆಯಲ್ಲೂ ಕೇಳಲು ವೈ-ಫೈ ಸ್ಪೀಕರ್ ಕೊಳ್ಳುವವರು ಯುಪಿಎನ್‌ಪಿ (ಮನೆಯ ನೆಟ್‌ವರ್ಕಿನ ಯಂತ್ರಗಳು ಒಂದನ್ನೊಂದು ಹುಡುಕಿ ಹಾಡು ನುಡಿಸಲು ಇರುವ ಮುಕ್ತ ನಿಯಮ), ಡಿಎಲ್‌ಎನ್‌ಎ (ಅದನ್ನು ಆಧರಿಸಿದ ಪ್ರಮಾಣೀಕರಣ) ಇರುವುದನ್ನೇ ಆರಿಸಬೇಕೇ, ಅಥವಾ ಒಂದೇ ಕಂಪನಿಯ ವ್ಯವಸ್ಥೆ ಸಾಕೇ?

ಪರ: ಇರಲೇಬೇಕು

ಯುಪಿಎನ್‌ಪಿಯಲ್ಲಿ ಕೆಲಸ ಮೂರು ಪಾಲು. ಹಾಡು ಇಟ್ಟುಕೊಂಡಿರುವುದು ಸರ್ವರ್, ನುಡಿಸುವುದು ರೆಂಡರರ್, ಯಾವುದನ್ನು ಎಲ್ಲಿ ನುಡಿಸಬೇಕೆಂದು ಹೇಳುವುದು ಫೋನಿನಲ್ಲಿರುವ ಆ್ಯಪ್. ಮೂರೂ ಬೇರೆ ಬೇರೆ ಕಂಪನಿಯದಾಗಿದ್ದರೂ ನಡೆಯುತ್ತದೆ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಧ್ವನಿ ಸರ್ವರಿನಿಂದ ನೇರ ಸ್ಪೀಕರಿಗೆ ಹೋಗುವುದರಿಂದ, ಮೂರು ಗಂಟೆಯ ತಾಳಮದ್ದಳೆ ಒಂದೇ ಕಡತದಲ್ಲಿದ್ದರೆ ಫೋನನ್ನು ಕಿಸೆಗೆ ಹಾಕಿ ತೋಟಕ್ಕೆ ಇಳಿದರೂ ಮನೆಯವರ ಕೇಳ್ಮೆಗೆ ಭಂಗವಿಲ್ಲ. ಬ್ಲೂಟೂತ್‌ನಲ್ಲಿ ಹೀಗಾಗದು.

ಮುಖ್ಯ ಕಾರಣ ನಮ್ಮ ಮಳೆಗಾಲ. ಆಟಿಯಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಇಂಟರ್‌ನೆಟ್ ದಿನಗಟ್ಟಲೆ ಇರುವುದಿಲ್ಲ. ಫೋನಿನಿಂದ ಹೇಳಿ ಸ್ಪೀಕರಿನಲ್ಲಿ ನುಡಿಸುವ ಗೂಗಲ್‌ನ ವ್ಯವಸ್ಥೆ ಕಾಸ್ಟ್. ಈ ಕಾಸ್ಟ್ ಸಾಧನ ಹಾಡು ಶುರುಮಾಡುವ ಮುನ್ನ ತನ್ನ ರಿಸೀವರ್ ಪುಟವನ್ನು (ನುಡಿಸುವ ಕೆಲಸ ಮಾಡುವ ವೆಬ್ ಪುಟ) ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ಹಾಡು ಪಕ್ಕದ ಕೋಣೆಯ ಡಿಸ್ಕಿನಲ್ಲೇ ಇದ್ದರೂ ಆ ಪುಟ ಬರದಿದ್ದರೆ ಸ್ಪೀಕರ್ ಸುಮ್ಮನೆ ಕೂರುತ್ತದೆ. ಯುಪಿಎನ್‌ಪಿಗೆ ರೂಟರ್‌ಗೆ ಕರೆಂಟ್ ಇದ್ದರೆ ಸಾಕು. ಹೆಚ್ಚಿನ ರೂಟರ್‌ಗಳು 12 ವೋಲ್ಟಿನವು, ಸಣ್ಣ ಡಿಸಿ ಯುಪಿಎಸ್ ಸಾಕಾಗುತ್ತದೆ. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ನೋಡಿಯೇ ಕೊಳ್ಳಿ.

ಕಂಪನಿಯ ಕೈಯಲ್ಲಿ ಬೀಗ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ಸ್ಪೀಕರಿಗೆ ಸಿಕ್ಕಿಸುವ ಗೂಗಲ್‌ನ ಪುಟ್ಟ ಕಾಸ್ಟ್ ಸಾಧನ, 2015ರಲ್ಲಿ ಬಂದ ಕ್ರೋಮ್‌ಕಾಸ್ಟ್ ಆಡಿಯೋದ ಉತ್ಪಾದನೆ 2019ಕ್ಕೆ ನಿಂತಿತು. 2025ರ ಮಾರ್ಚ್‌ನಲ್ಲಿ ಅದರೊಳಗಿನ ಪ್ರಮಾಣಪತ್ರದ ಅವಧಿ ಮುಗಿದು, ಕಂಪನಿ ತಿದ್ದುಪಡಿ ಕಳಿಸುವವರೆಗೆ ಎಲ್ಲ ಕಡೆ ಕೈಕೊಟ್ಟಿತು. 2022ರ ಜನವರಿಯಲ್ಲಿ, ಸ್ಪೀಕರ್ ಕಂಪನಿ ಸೋನೋಸ್ ಹೂಡಿದ ಪೇಟೆಂಟ್ ವ್ಯಾಜ್ಯದ ತೀರ್ಪಿನ ಬಳಿಕ, ಹಲವು ಸ್ಪೀಕರುಗಳ ಸದ್ದನ್ನು ಒಟ್ಟಿಗೆ ಏರಿಳಿಸುವ ಸೌಲಭ್ಯವನ್ನು ಗೂಗಲ್ ತೆಗೆದುಹಾಕಿತು. ದುಡ್ಡು ಕೊಟ್ಟವರ ತಪ್ಪು ಎರಡರಲ್ಲೂ ಇರಲಿಲ್ಲ.

ಸರ್ವರ್ ಕಟ್ಟುವುದು ಕಷ್ಟವಲ್ಲ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದಕ್ಕೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಒಂದು ಯುಎಸ್‌ಬಿ ಡಿಸ್ಕ್, ರೂಟರಿನಿಂದ ಒಂದು ಲ್ಯಾನ್ ಕೇಬಲ್. ಮೊಬೈಲಿನ ಹಳೆ ಚಾರ್ಜರ್ ಸಿಕ್ಕಿಸಿದರೆ ವೋಲ್ಟೇಜ್ ಇಳಿದು ಡಿಸ್ಕ್ ನಡುನಡುವೆ ಕಳಚಿಕೊಳ್ಳುತ್ತದೆ. ಡಿಸ್ಕಿಗೆ ಬೇರೆ ಕರೆಂಟ್ ಕೊಡುವ ಯುಎಸ್‌ಬಿ ಹಬ್ ಇದ್ದರೆ ಆ ತಾಪತ್ರಯವಿಲ್ಲ. ಮಿನಿಡಿಎಲ್‌ಎನ್‌ಎ ಎಂಬ ಸರ್ವರ್ ತಂತ್ರಾಂಶ ಹಾಕಿ, ಅದರ ಸೆಟ್ಟಿಂಗ್ ಕಡತದಲ್ಲಿ ಹಾಡಿನ ಫೋಲ್ಡರಿನ ದಾರಿ ಬರೆದು, ಸೇವೆಯನ್ನು ಮತ್ತೆ ಶುರುಮಾಡಿ. ಹೊಸ ಹಾಡು ಪಟ್ಟಿಯಲ್ಲಿ ಕಾಣದಿದ್ದರೆ ಡೇಟಾಬೇಸನ್ನು ಹೊಸದಾಗಿ ಕಟ್ಟಲು ಹೇಳಬೇಕು.

ಕನ್ನಡದವರಿಗೆ ಬರುವ ವಿಶೇಷ ತೊಡಕು ಹಾಡಿನ ಹೆಸರಿನದು. ಹಿಂದೆ ನುಡಿ, ಬರಹಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಟ್ಯಾಗ್‌ಗಳು (ಕಡತದೊಳಗೆ ಬರೆದ ಹಾಡಿನ ವಿವರ) ಆ್ಯಪ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಟ್ಯಾಗ್ ತಿದ್ದುವ ತಂತ್ರಾಂಶ ಎಂಪಿ3ಟ್ಯಾಗ್‌ನಲ್ಲಿ ಐಡಿ3 2.3, ಯುಟಿಎಫ್-16 ಎಂದು ಉಳಿಸಿದರೆ ಸರಿಹೋಗುತ್ತದೆ. ಆದರೂ ಸ್ಪೀಕರಿನ ಪುಟ್ಟ ಪರದೆಯಲ್ಲಿ ಚೌಕಗಳೇ ಕಂಡರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲವೆಂದರ್ಥ. ಫೋನಿನಲ್ಲಿ ಹೆಸರು ಸರಿಯಾಗಿಯೇ ಬರುತ್ತದೆ.

ಕೊಳ್ಳುವ ಮೊದಲು ಆಂಡ್ರಾಯ್ಡ್ ಫೋನಿಗೆ ಬಬಲ್‌ಯುಪಿಎನ್‌ಪಿ ಆ್ಯಪ್ ಹಾಕಿಕೊಂಡು ಹೋಗಿ. ಅಂಗಡಿಯ ವೈ-ಫೈಗೆ ಫೋನ್, ಸ್ಪೀಕರ್ ಎರಡನ್ನೂ ಸೇರಿಸಿ, ಫೋನಿನಲ್ಲಿರುವ ಒಂದು ಎಂಪಿ3, ಒಂದು 16 ಬಿಟ್ 44.1 ಕಿಲೋಹರ್ಟ್ಸ್ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಧ್ವನಿ ಕಡತ), ಒಂದು 24 ಬಿಟ್ 96 ಕಿಲೋಹರ್ಟ್ಸ್ ಫ್ಲಾಕ್ ನುಡಿಸಿ. ಮೂರೂ ನುಡಿದರೆ ಧೈರ್ಯವಾಗಿ ತನ್ನಿ.

ವಿರೋಧ: ಬೇಕಿಲ್ಲ

ಡಿಎಲ್‌ಎನ್‌ಎ ಎಂಬ ಸಂಘಟನೆ 2003ರಲ್ಲಿ ಹುಟ್ಟಿ 2017ರಲ್ಲಿ ವಿಸರ್ಜನೆಯಾಯಿತು. ಇಂದು ಪೆಟ್ಟಿಗೆಯ ಮೇಲೆ ಆ ಹೆಸರು ಕಂಡಿತೆಂದು ನಂಬಿ ಕೊಳ್ಳುವುದು ನಷ್ಟದ ದಾರಿ. ಆಡಿಯೋದಲ್ಲಿ ಅದು ಕಡ್ಡಾಯ ಮಾಡಿದ್ದು ಎಲ್‌ಪಿಸಿಎಂ (ಕುಗ್ಗಿಸದ ಧ್ವನಿ), ಫ್ಲಾಕ್ ಅಲ್ಲ. ಹಾಗಾಗಿ ಪ್ರಮಾಣೀಕೃತ ಸ್ಪೀಕರ್ ಕೂಡ ಫ್ಲಾಕನ್ನು ತಿರಸ್ಕರಿಸಬಹುದು. ಆಗ ಸರ್ವರ್ ಅದನ್ನು ಎಲ್‌ಪಿಸಿಎಂ ಮಾಡಿ ಕೊಡಬೇಕು. ಮಿನಿಡಿಎಲ್‌ಎನ್‌ಎಗೆ ಆ ಶಕ್ತಿ ಇಲ್ಲ. ಗರ್ಬೆರಾ ಎಂಬ ಬೇರೆ ಸರ್ವರ್ ತಂತ್ರಾಂಶ ಹಾಕಬಹುದು, ಆದರೆ ಅದನ್ನು ಹೊಂದಿಸಿಕೊಡುವ ಕೈ ಮನೆಯಲ್ಲಿ ಇರಬೇಕಲ್ಲ?

ಎರಡನೆಯದು, ಹಾಡಿನ ಸಾಲು. ಸಾದಾ ಯುಪಿಎನ್‌ಪಿಯಲ್ಲಿ ಸರದಿ ಪಟ್ಟಿ ಫೋನಿನಲ್ಲೇ ಇರುತ್ತದೆ. ಫೋನ್ ವೈ-ಫೈ ಬಿಟ್ಟರೆ, ಅಥವಾ ಬ್ಯಾಟರಿ ಉಳಿಸಲೆಂದು ಆಂಡ್ರಾಯ್ಡ್ ಆ್ಯಪನ್ನು ಮಲಗಿಸಿದರೆ, ನುಡಿಯುತ್ತಿರುವ ಹಾಡು ಮುಗಿದು ಮುಂದಿನದು ಬರುವುದೇ ಇಲ್ಲ. ಪಟ್ಟಿಯನ್ನು ಸ್ಪೀಕರಿನಲ್ಲೇ ಇಡುವ ಓಪನ್‌ಹೋಮ್ ವಿಸ್ತರಣೆ ಇದೆ, ಎಲ್ಲ ಯಂತ್ರಗಳಲ್ಲಿ ಇಲ್ಲ. ಮುಂದಿನ ಹಾಡನ್ನು ಮುಂಚಿತವಾಗಿ ತಿಳಿಸುವ ಆಜ್ಞೆಯೂ ಐಚ್ಛಿಕ. ಅದಿಲ್ಲದ ಸ್ಪೀಕರಿನಲ್ಲಿ, ಒಂದು ಪ್ರಸಂಗವನ್ನು ಹಲವು ತುಂಡಾಗಿ ಕತ್ತರಿಸಿದ ಸಿಡಿ ಹಾಕಿದರೆ ಭಾಗವತರ ಪದದ ನಡುವೆಯೇ ಮೌನ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಹೊಂದಿಕೆಯ ಗಡಿಯಾರ. ಎರಡು ಕೋಣೆಯ ಸ್ಪೀಕರುಗಳು ಒಂದೇ ಕ್ಷಣದಲ್ಲಿ ನುಡಿಯಬೇಕಾದರೆ ಅವುಗಳ ಗಡಿಯಾರ ಮಿಲಿಸೆಕೆಂಡ್ ಮಟ್ಟದಲ್ಲಿ ಕೂಡಬೇಕು. ಬೇರೆ ಬೇರೆ ಕಂಪನಿಯ ಡಿಎಲ್‌ಎನ್‌ಎ ಸ್ಪೀಕರುಗಳು ಹಾಗೆ ಕೂಡುವುದಿಲ್ಲ. ಆಲಾಪನೆಯಲ್ಲಿ ಇದು ಅಷ್ಟಾಗಿ ತಿಳಿಯದು. ಚೆಂಡೆಯ ಪೆಟ್ಟಿನಲ್ಲಿ 30 ಮಿಲಿಸೆಕೆಂಡ್ ದಾಟಿದ ವ್ಯತ್ಯಾಸ ಎರಡು ಪೆಟ್ಟಾಗಿಯೇ ಕಿವಿಗೆ ಬೀಳುತ್ತದೆ. ಸೋನೋಸ್, ಆ್ಯಪಲ್‌ನ ಏರ್‌ಪ್ಲೇ 2, ಕಾಸ್ಟ್ ಗುಂಪುಗಳು ಇದನ್ನು ಬಗೆಹರಿಸಿವೆ. ಚಾವಡಿ, ಅಡುಗೆಮನೆ, ಮಹಡಿ ಮೂರಕ್ಕೂ ಒಟ್ಟಿಗೆ ಧ್ವನಿ ಬೇಕೆನ್ನುವವರಿಗೆ ಇದೊಂದೇ ಕಾರಣ ಸಾಕು.

ಇಂಟರ್‌ನೆಟ್ ಹೋದರೆ ಎಲ್ಲ ಸತ್ತಿತು ಎನ್ನುವುದು ಕಾಸ್ಟ್‌ಗೆ ಒಪ್ಪುವ ಮಾತು. ಏರ್‌ಪ್ಲೇ ಮನೆಯೊಳಗಿನ ವೈ-ಫೈನಲ್ಲೇ ನಡೆಯುತ್ತದೆ, ಆ್ಯಪಲ್ ಫೋನೋ ಕಂಪ್ಯೂಟರೋ ಇರಬೇಕು ಅಷ್ಟೆ. ಸೋನೋಸ್ ಡಿಎಲ್‌ಎನ್‌ಎ ಒಪ್ಪದಿದ್ದರೂ ಮನೆಯ ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರಿನಿಂದ 65,000 ಹಾಡುಗಳವರೆಗೆ ಪಟ್ಟಿ ಮಾಡಿಕೊಳ್ಳುತ್ತದೆ. ಮುಚ್ಚಿದ ವ್ಯವಸ್ಥೆ ಬೇಗ ಸಾಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ: ಆ್ಯಪಲ್‌ನ ರೂಟರ್, 2012ರ ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ಗೆ, ಅದರ ಮಾರಾಟ ನಿಲ್ಲಿಸಿದ ಮೇಲೆ, 2018ರಲ್ಲಿ ಏರ್‌ಪ್ಲೇ 2 ಬಂತು.

ಸ್ಪೀಕರ್ ಕಾಣುತ್ತಿಲ್ಲ ಎಂಬ ದೂರಿಗೆ ಬಹುತೇಕ ಸಲ ಕಾರಣ ರೂಟರ್, ಅದರಲ್ಲಿ ಮುಕ್ತ, ಮುಚ್ಚಿದ ಎಂಬ ಭೇದವಿಲ್ಲ. ಯುಪಿಎನ್‌ಪಿ 239.255.255.250 ವಿಳಾಸಕ್ಕೆ ಪೋರ್ಟ್ 1900ರಲ್ಲಿ ಕೂಗುತ್ತದೆ. ಏರ್‌ಪ್ಲೇ, ಕಾಸ್ಟ್ 224.0.0.251ಕ್ಕೆ ಪೋರ್ಟ್ 5353ರಲ್ಲಿ. ಎರಡೂ ಕೂಗು ಒಂದೇ ಸಬ್‌ನೆಟ್ಟಿನೊಳಗೆ, ಅಂದರೆ ಮನೆಯ ಒಂದೇ ನೆಟ್‌ವರ್ಕಿನೊಳಗೆ ಮಾತ್ರ ಕೇಳುತ್ತದೆ. ನಮ್ಮ ಮುರಕಲ್ಲಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ಸರಿಯಾಗಿ ದಾಟುವುದಿಲ್ಲವೆಂದು ಹಿಂಬದಿಗೆ ಎರಡನೇ ರೂಟರ್ ಇಡುತ್ತಾರೆ, ಕೇಬಲನ್ನು ಅದರ ವ್ಯಾನ್ (ಹೊರಗಿನ ಇಂಟರ್‌ನೆಟ್‌ಗೆಂದು ಇರುವ) ತೂತಿಗೆ ಚುಚ್ಚುತ್ತಾರೆ. ಅಲ್ಲಿಗೆ ಮನೆಯಲ್ಲಿ ಎರಡು ನೆಟ್‌ವರ್ಕ್ ಆಯಿತು: ಫೋನ್ 192.168.1ರಲ್ಲಿ, ಸ್ಪೀಕರ್ 192.168.0ಯಲ್ಲಿ. ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ. ಆ ಆಯ್ಕೆ ಇಲ್ಲದಿದ್ದರೆ, ಮೊದಲ ರೂಟರಿನಲ್ಲಿ ಯಾರಿಗೂ ಹಂಚದ ಒಂದು ವಿಳಾಸವನ್ನು ಅದಕ್ಕೆ ಕೊಟ್ಟು, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆರಿಸಿ, ಲ್ಯಾನ್‌ನಿಂದ ಲ್ಯಾನಿಗೆ ಕೇಬಲ್ ಎಳೆಯಿರಿ. ಎಪಿ ಐಸೊಲೇಶನ್ (ವೈ-ಫೈನ ಸಾಧನಗಳು ಒಂದಕ್ಕೊಂದು ಕಾಣದಂತೆ ಮಾಡುವ ಸೆಟ್ಟಿಂಗ್) ಇದ್ದರೆ ತೆಗೆಯಿರಿ. ಗೆಸ್ಟ್ ವೈ-ಫೈಗೆ ಸ್ಪೀಕರ್ ಸೇರಿಸಬೇಡಿ. ಮೊದಲು ಕಂಡ ಸ್ಪೀಕರ್ ನಾಲ್ಕೈದು ನಿಮಿಷದಲ್ಲಿ ಮಾಯವಾದರೆ ಐಜಿಎಂಪಿ ಸ್ನೂಪಿಂಗ್ (ಇಂಥ ಕೂಗನ್ನು ಬೇಕೆಂದವರಿಗಷ್ಟೇ ತಲುಪಿಸುವ ರೂಟರಿನ ಸೆಟ್ಟಿಂಗ್) ಮೇಲೆ ಅನುಮಾನಪಡಿ, ಆರಿಸಿ ನೋಡಿ.

ಒಂದೇ ಕಂಪನಿಯ ವ್ಯವಸ್ಥೆ ಕೊಳ್ಳುವಾಗ ಎರಡು ತೂತುಗಳನ್ನು ಮಾತ್ರ ಬಿಡದೆ ಕೇಳಿ: ಲ್ಯಾನ್ ಮತ್ತು 3.5 ಮಿಲಿಮೀಟರ್ ಲೈನ್-ಇನ್. ಕಂಪನಿ ಮುಂದೊಂದು ದಿನ ಆ್ಯಪ್ ನಿಲ್ಲಿಸಿದರೂ ಲೈನ್-ಇನ್‌ಗೆ ಒಂದು ಸಣ್ಣ ಸ್ಟ್ರೀಮರ್ ಸಿಕ್ಕಿಸಿ ಅದೇ ಸ್ಪೀಕರಿನಲ್ಲಿ ಕೇಳಬಹುದು.