ಒಂದು ಕುರ್ಚಿ ಕಡಿಮೆ

ಬರ್ತ್‌ಡೇ ಮನೆಯಲ್ಲಿ ಕೇಕ್ ತರಲು ಜನ ಇರುತ್ತಾರೆ, ಬಲೂನ್ ಊದಲು ಇರುತ್ತಾರೆ, ಭಜಿ ಕರಿಯಲು, ಕರಿದದ್ದನ್ನು ರುಚಿ ನೋಡಲು ಇನ್ನೂ ಜಾಸ್ತಿ ಜನ ಇರುತ್ತಾರೆ. ‘ಹುಡುಗರನ್ನ ಸ್ವಲ್ಪ ಆಟ ಆಡಸ್ರಿ’ ಅಂದ ಕೂಡಲೇ ಮಾತ್ರ ಎಲ್ಲರಿಗೂ ಫೋನ್ ಬಂದುಬಿಡುತ್ತದೆ. ವಿಜಯಪುರದ ನಮ್ಮ ಬಳಗದಲ್ಲಿ ಈ ಕೆಲಸ ನನಗೆ ಕಾಯಂ. ಯಾರೂ ನೇಮಿಸಿದ್ದಲ್ಲ, ಸುಮ್ನೆ ಬಂದು ಕೊರಳಿಗೆ ಬಿದ್ದದ್ದು.

ಸಂಜೆ ಐದಕ್ಕೆ ಅಂತ ಕರೆದಿರುತ್ತಾರೆ. ಹುಡುಗರು ನಾಲ್ಕೂವರೆಗೇ ಹಾಜರ್. ಬಾಗೇವಾಡಿಯಿಂದ ಬರಬೇಕಾದ ಸೋದರಮಾವ ಮಾತ್ರ ‘ಇಲ್ಲೇ ಮನಗೂಳಿ ದಾಟೀನಿ’ ಅಂತ ಏಳರ ತನಕ ಹೇಳುತ್ತಿರುತ್ತಾನೆ. ಅವನು ಬರದೆ ಕೇಕ್ ಕತ್ತರಿಸುವ ಹಾಗಿಲ್ಲ. ಹೊಸ ಅಂಗಿ ತೊಟ್ಟ ಹನ್ನೆರಡು ಹುಡುಗರು, ಕಣ್ಣೆದುರೇ ಡಬ್ಬಿಯಲ್ಲಿ ಕೇಕ್, ನಡುವೆ ಎರಡು ತಾಸು. ಆ ಎರಡು ತಾಸು ನನ್ನ ಪಾಲಿಗೆ.

ಹಿರಿಯರಿಗೆ ಗೊತ್ತಿರುವುದು ಒಂದೇ ಆಟ, ಮ್ಯೂಸಿಕಲ್ ಚೇರ್. ನನಗೆ ಅದರ ಮೇಲೆ ಬಹಳ ಸಿಟ್ಟಿದೆ. ಲೆಕ್ಕ ಹಾಕಿ ನೋಡಿ. 12 ಹುಡುಗರು, 11 ಕುರ್ಚಿ. ಕೊನೆಗೆ ಒಬ್ಬ ಉಳಿಯಬೇಕಾದರೆ 11 ಸುತ್ತು ನಡೆಯಬೇಕು. ಮೊದಲ ಸುತ್ತಿಗೇ ಔಟಾದವನು ಉಳಿದ ಹತ್ತೂ ಸುತ್ತು ಗೋಡೆಗೆ ಆತು ನಿಲ್ಲಬೇಕು. ಮೊದಲು ಔಟಾಗುವುದು ಯಾರು? ಎಲ್ಲರಿಗಿಂತ ಸಣ್ಣವನು. ಹಾಡು ನಿಂತದ್ದು ಅವನಿಗೆ ಗೊತ್ತೇ ಆಗಿರುವುದಿಲ್ಲ, ಇನ್ನೂ ಕುಣಿಯುತ್ತಲೇ ಇರುತ್ತಾನೆ. ಆಟದ ಖುಷಿ ಯಾರಿಗೆ ಜಾಸ್ತಿ ಇತ್ತೋ ಅವನನ್ನೇ ಮೊದಲು ಹೊರಗೆ ಹಾಕುವ ಆಟ ಇದು. ಹೊರಬಿದ್ದವನು ಮೊದಲು ಚಿಪ್ಸ್ ತಿನ್ನುತ್ತಾನೆ, ಆಮೇಲೆ ಬಲೂನ್ ಒಡೆಯುತ್ತಾನೆ, ಕೊನೆಗೆ ಅಳುತ್ತಾನೆ.

ಆಟದ ಒಳಗಿದ್ದವರೂ ಆಡುತ್ತಿರುವುದಿಲ್ಲ, ಕುರ್ಚಿ ಕಾಯುತ್ತಿರುತ್ತಾರೆ. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಇನ್ನೊಂದು ಮುಂದಿನ ಕುರ್ಚಿಯ ಕಡೆಗೆ. ಓಡುವುದಿಲ್ಲ, ಮೊಣಕಾಲು ಅರ್ಧ ಬಗ್ಗಿಸಿಕೊಂಡೇ ಜರುಗುತ್ತಾರೆ. ಬದಿಯಲ್ಲಿ ನಿಂತ ಅವ್ವಂದಿರದು ಬೇರೆ ಗದ್ದಲ: ‘ಕೂಡೋ, ಲಗೂನ ಕೂಡೋ!’ ಒಂದೇ ಕುರ್ಚಿಯ ಎರಡು ಅಂಚಿಗೆ ಇಬ್ಬರು ಕೂತರೆ ಪಂಚಾಯ್ತಿ ಶುರು. ‘ನಾ ಮೊದಲ ಕುಂತೀನ್ರೀ ಕಾಕಾ!’ ‘ಸುಳ್ಳ ಹೇಳ್ತಾನ್ರೀ, ಇಂವಾ ನನ್ನ ದಬ್ಬಿದಾ!’ ಇನ್ನು ಹಾಡು ನಿಲ್ಲಿಸುವವರು ಹುಡುಗನ ಅಪ್ಪನೇ ಆಗಿದ್ದರೆ, ಹಾಡು ಯಾವಾಗ ನಿಲ್ಲುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಅದಕ್ಕೇ ನಾನು ಔಟ್ ಇಲ್ಲದ ಆಟಗಳನ್ನೇ ಹುಡುಕುತ್ತೇನೆ. ಕುರ್ಚಿ ತೆಗೆದುಬಿಡಿ, ಒಂದು ಜಮಖಾನೆ ಹಾಸಿ. ಹಾಡು ನಿಂತಾಗ ಎಲ್ಲರೂ ಅದರ ಮೇಲೆ ನಿಲ್ಲಬೇಕು. ಪ್ರತಿ ಸಲವೂ ಜಮಖಾನೆಯನ್ನು ಒಂದು ಮಡಿಕೆ ಸಣ್ಣದು ಮಾಡುತ್ತ ಹೋಗಿ. ಯಾರೊಬ್ಬರ ಕಾಲು ಹೊರಗಿದ್ದರೂ ಎಲ್ಲರೂ ಸೋತಂತೆ. ಈಗ ನೋಡಿ, ಕುರ್ಚಿಗಾಗಿ ದಬ್ಬುತ್ತಿದ್ದ ಅದೇ ದೊಡ್ಡ ಹುಡುಗ ಸಣ್ಣವನನ್ನು ಬಗಲಲ್ಲಿ ಎತ್ತಿಕೊಂಡು ಒಂಟಿ ಕಾಲಲ್ಲಿ ನಿಂತಿರುತ್ತಾನೆ. ಕೊನೆಗೆ ಎಲ್ಲರೂ ಒಟ್ಟಿಗೇ ಬೀಳುತ್ತಾರೆ. ಬೀಳುವುದಕ್ಕೇ ಕಾಯುತ್ತಿರುತ್ತಾರೆ ಅನ್ನಿ.

ಕೆರೆ-ದಡ ಇನ್ನೂ ಸಸ್ತಾ. ಒಂದು ಸೀಮೆಸುಣ್ಣ ಇದ್ದರೆ ಮುಗಿಯಿತು. ಮಾಳಿಗೆ ಮೇಲೆ ಒಂದು ಗೆರೆ, ಈ ಕಡೆ ಕೆರೆ, ಆ ಕಡೆ ದಡ. ‘ಕೆರೆ’ ಅಂದರೆ ಈಚೆ ಜಿಗಿಯಬೇಕು, ‘ದಡ’ ಅಂದರೆ ಆಚೆ. ಮೂರು ಸಲ ದಡ, ದಡ, ದಡ ಅಂದು ನಾಲ್ಕನೆಯ ಸಲವೂ ದಡ ಅಂದರೆ ಅರ್ಧ ಮಂದಿ ಕೆರೆಗೆ ಬಿದ್ದಿರುತ್ತಾರೆ. ತಪ್ಪು ಜಿಗಿದವನನ್ನು ಹೊರಗೆ ಕಳಿಸಬೇಡಿ, ನಿಮ್ಮ ಪಕ್ಕಕ್ಕೆ ಕರೆದು ಕೂಗುವ ಕೆಲಸ ಕೊಡಿ. ಸೋಲು ಬಡ್ತಿ ಆಗುತ್ತದೆ. ಆಮೇಲೆ ಬೇಕಂತಲೇ ತಪ್ಪು ಜಿಗಿಯುವವರೂ ಹುಟ್ಟಿಕೊಳ್ಳುತ್ತಾರೆ. ಹುಟ್ಟಿಕೊಳ್ಳಲಿ ಬಿಡಿ.

ಮೂರು ನಾಲ್ಕು ವರ್ಷದವರಿಗೆ ಇಷ್ಟೂ ಬೇಡ. ಬಲೂನ್ ನೆಲಕ್ಕೆ ಬೀಳಬಾರದು, ಅಷ್ಟೇ ನಿಯಮ. ಒಡೆದ ಬಲೂನಿನ ಚೂರುಗಳನ್ನು ಮಾತ್ರ ಆಗಿಂದಾಗ ಆರಿಸಿ ಜೇಬಿಗೆ ಹಾಕಿಕೊಳ್ಳಿ. ಸಣ್ಣವರು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಸುಸ್ತಾದ ಮೇಲೆ ಕೂತು ಆಡುವ ಆಟ ಬೇಕಲ್ಲ. ಸಾಲಾಗಿ ಕೂರಿಸಿ, ಮೊದಲಿನವನ ಕಿವಿಯಲ್ಲಿ ಒಂದು ಮಾತು ಹೇಳಿ, ಕಿವಿಯಿಂದ ಕಿವಿಗೆ ದಾಟಿಸುತ್ತ ಹೋಗುವ ಆಟಕ್ಕೆ ನನ್ನ ಮೊದಲ ಮತ. ನಮ್ಮೂರಲ್ಲಿ ಈ ಆಟಕ್ಕೆ ಒಂದು ದೊಡ್ಡ ಎದುರಾಳಿ ಇದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿಯಾದ ಗೋಳಗುಮ್ಮಟದಲ್ಲಿ, ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಅಲ್ಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದರೆ, ದನಿ ದುಂಡನೆಯ ಗೋಡೆಗುಂಟ ಸಾಗಿ ಎದುರಿನ ತುದಿಯಲ್ಲಿ ಕೂತವರ ಕಿವಿಗೆ ಬೀಳುತ್ತದೆ. ಅಷ್ಟು ದೂರ ಹೋದರೂ ಮಾತು ಕೆಡುವುದಿಲ್ಲ. ನಮ್ಮ ಹುಡುಗರ ಕೈಗೆ ಕೊಟ್ಟರೆ ಮೂರು ಮಾರು ದಾಟುವುದರೊಳಗೆ ಕೆಟ್ಟು ಕೆರ ಹಿಡಿಯುತ್ತದೆ. ‘ಕರಿ ಬೆಕ್ಕು ಕೆನಿ ಕದೀತು’ ಅಂತ ನಾನು ಬಿಟ್ಟದ್ದು ಆ ತುದಿಯಲ್ಲಿ ‘ಕಾಕು ಕೇಕ್ ಕದ್ಲು’ ಅಂತ ಹೊರಬಂತು. ಕಾಕು ಆಗಷ್ಟೇ ಅಡುಗೆಮನೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದಿದ್ದರು. ಆ ನಗೆ ನಿಲ್ಲಿಸುವುದಕ್ಕೆ ಕಾಲು ತಾಸು ಬೇಕಾಯಿತು.

ಪೇಪರ್ ಸುತ್ತಿದ ಪೊಟ್ಟಣ ಕೈಯಿಂದ ಕೈಗೆ ದಾಟಿಸುವ ಆಟವೂ ಚೆನ್ನ. ಆದರೆ ಒಳಗಿನ ಚೀಟಿ ಬರೆಯುವ ಕೆಲಸ ಹಿರಿಯರಿಗೆ ಕೊಡಬೇಡಿ. ಅವರು ‘ಇಂಗ್ಲಿಷ್ ಪದ್ಯ ಹೇಳು’, ‘ಡ್ಯಾನ್ಸ್ ಮಾಡು’ ಅಂತ ಬರೆಯುತ್ತಾರೆ, ವಿಡಿಯೋ ಹಿಡಿಯುವುದಕ್ಕೆ. ನಾಚಿಕೆಯ ಹುಡುಗಿ ಚೀಟಿ ಹಿಡಿದುಕೊಂಡು ನೆಲ ನೋಡುತ್ತ ನಿಲ್ಲುತ್ತಾಳೆ. ಹುಡುಗರೇ ಬರೆದರೆ ‘ಎಮ್ಮಿ ಹಂಗ ಒದರು’ ಅಂತಿರುತ್ತದೆ. ಅದಕ್ಕೆ ನಾಚಿಕೆಯವರೂ ತಯಾರು.

‘ಅಜ್ಜಾ, ನಿನ್ನ ಬರ್ತ್‌ಡೇಕ್ಕ ಯಾವ ಆಟ ಆಡ್ತಿದ್ರಿ?’ ಅಂತ ಒಬ್ಬಳು ಕೇಳಿದಳು. ಅಜ್ಜನ ಬರ್ತ್‌ಡೇ ಜೂನ್ 1. ಅಜ್ಜನ ತಮ್ಮನದೂ ಜೂನ್ 1, ಎದುರು ಮನೆಯವರದೂ ಅದೇ. ಸಾಲಿಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ದಯಪಾಲಿಸಿದ ತಾರೀಕು. ಆ ಕಾಲದವರಿಗೆ ಪಾರ್ಟಿ ಇರಲಿಲ್ಲ, ಆಟಕ್ಕೆ ಬರವಿರಲಿಲ್ಲ. ಆಯಿ ಎದ್ದು ಹೋಗಿ ಎಲ್ಲಿಂದಲೋ ಐದು ಗಜಗ ತಂದರು. ಬೂದುಬಣ್ಣದ ನುಣುಪು ಬೀಜಗಳು. ಒಂದನ್ನು ಮೇಲೆ ಹಾರಿಸಿ, ಅದು ಇಳಿಯುವುದರೊಳಗೆ ನೆಲದ ಮೇಲಿನ ನಾಲ್ಕನ್ನೂ ಬಾಚಿ, ಅದೇ ಅಂಗೈಯಲ್ಲಿ ಹಿಡಿದರು. ಹುಡುಗರ ಕಣ್ಣು ಅಗಲವಾದವು. ಆದರೂ ಇದು ಪಾರ್ಟಿಯ ಆಟವಲ್ಲ. ಒಬ್ಬರು ಆಡುವಾಗ ಹನ್ನೊಂದು ಮಂದಿ ನೋಡಬೇಕು, ಕೈ ಕೂಡುವುದಕ್ಕೆ ತಿಂಗಳು ಬೇಕು. ಲಗೋರಿಯೂ ಆಗುವುದಿಲ್ಲ. ಓಣಿ ತುಂಬ ಬೈಕು ನಿಂತಿವೆ, ಚೆಂಡು ಯಾವುದರ ಕನ್ನಡಿಗೆ ಬಡಿಯುತ್ತದೋ!

ಬಹುಮಾನದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಲ್ಲರಿಗೂ ಒಂದೇ ವಸ್ತು, ಅದೂ ಒಂದೇ ಬಣ್ಣದ್ದು. ಅಂಗಡಿಯವ ‘ಬ್ಯಾರೆ ಬ್ಯಾರೆ ಕಲರ್ ತಗೋರಿ, ಚಂದ ಕಾಣ್ತಾವ’ ಅನ್ನುತ್ತಾನೆ. ಅವನಿಗೇನು, ಗುಲಾಬಿ ರಬ್ಬರ್ ಸಿಗದವರನ್ನು ಸಮಾಧಾನ ಮಾಡುವುದು ಅವನಲ್ಲವಲ್ಲ. ಹನ್ನೆರಡಕ್ಕೆ ಹದಿನೈದು ತನ್ನಿ. ಕರೆಯದೆ ಬಂದ ತಂಗಿಯರು, ತಮ್ಮಂದಿರು ಇದ್ದೇ ಇರುತ್ತಾರೆ.

‘ಇನ್ನೊಂದ್ ಸಲಾ ಕಾಕಾ, ಇನ್ನೊಂದ್ ಸಲಾ’ ಅನ್ನುತ್ತಿರುವಾಗಲೇ ಆಟ ನಿಲ್ಲಿಸಿ ನೀರು ಕುಡಿಸಬೇಕು. ಸಾಕಾಗುವ ತನಕ ಆಡಿಸಿದರೆ ಜಗಳ ಗ್ಯಾರಂಟಿ. ಅಷ್ಟರಲ್ಲಿ ಸೋದರಮಾವನ ಫೋನ್ ಬಂದಿರುತ್ತದೆ, ಗಾಂಧಿ ಚೌಕಕ್ಕೆ ಬಂದಾನಂತೆ. ಇನ್ನು ಹತ್ತು ನಿಮಿಷ ಅಂದರೆ ಅರ್ಧ ತಾಸು. ಜಮಖಾನೆ ಮತ್ತೆ ಬಿಚ್ಚಿ ಹಾಸುತ್ತೇನೆ.