ಅರ್ಧ ಪೆನ್ನಿನ ಮಾಲೀಕ

ಪೆನ್ನು ಕೊಟ್ಟರೆ ಕ್ಯಾಪು ನಮ್ಮ ಕೈಯಲ್ಲೇ ಇಟ್ಕೋಬೇಕು. ಬ್ಯಾಂಕು, ಪೋಸ್ಟ್ ಆಫೀಸು, ತಹಶೀಲ್ ಕಚೇರಿ ಅಂತ ತಿರುಗಿದವರಿಗೆಲ್ಲ ಇದು ಗೊತ್ತಿರುವ ಮಾತೇ, ಅಲ್ವಾ? ಅಂಗಿಗೆ ಮಸಿ ಹತ್ತೀತು ಅಂತಾದರೂ ಮನುಷ್ಯ ವಾಪಸ್ ಬರುತ್ತಾನೆ. ಆದರೆ ಮೊನ್ನೆ ಸೋಮವಾರ ಕಲಬುರಗಿಯ ಒಂದು ಪೋಸ್ಟ್ ಆಫೀಸಿನಲ್ಲಿ ನಾನು ಕೊಟ್ಟ ಪೆನ್ನಿಗೆ ಕ್ಯಾಪೇ ಇರಲಿಲ್ಲ. ಆ ಪೆನ್ನು ಮಾಡಿದವನೂ ನಾನೇ.

ನನ್ನ ಅಕ್ಕನ ಮಗ ಸೈನ್ಯದಲ್ಲಿದ್ದಾನೆ. ಅಮೆರಿಕದಲ್ಲಿ ಲೇತ್ (ಕಟ್ಟಿಗೆ ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡ ಹವ್ಯಾಸಿಗಳು ಇರಾಕ್, ಅಫ್ಘಾನಿಸ್ತಾನಕ್ಕೆ ಹೋದ ತಮ್ಮ ಸೈನಿಕರಿಗೆ ಕಟ್ಟಿಗೆಯ ಪೆನ್ನು ಮಾಡಿ ಕಳಿಸುತ್ತಿದ್ದರು ಅಂತ ಎಲ್ಲೋ ಓದಿದ್ದೇ ತಪ್ಪಾಯಿತು. ನಾವೇನು ಕಮ್ಮಿ ಅಂತ ರಿಟೈರ್ ಆದ ದುಡ್ಡಿನಲ್ಲಿ ಸಣ್ಣದೊಂದು ಲೇತ್ ತಂದೆ. "ಲಟ್ಟಣಿಗಿ ಮುರದು ಆರು ತಿಂಗಳಾಯ್ತು, ಅದು ಬಿಟ್ಟು ಪೆನ್ನ ಮಾಡ್ಲತ್ತಾರ," ಅಂತ ಮನೆಯವಳು ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದಳು.

ಸಣ್ಣ ಕೆಲಸ ಅಂದ್ಕೋಬೇಡಿ. ಮುಕ್ಕಾಲು ಇಂಚು ದಪ್ಪದ ತುಂಡಿಗೆ ಈ ತುದಿಯಿಂದ ಆ ತುದಿವರೆಗೆ 7 ಮಿಲಿಮೀಟರ್ ತೂತು ಕೊರೆಯಬೇಕು. ಬಿಸಿಯಾದರೆ ಕಟ್ಟಿಗೆ ಟಪ್ ಅಂತ ಸೀಳುತ್ತದೆ, ಅದಕ್ಕೆ ಮತ್ತೆ ಮತ್ತೆ ಡ್ರಿಲ್ ಹೊರಗೆಳೆದು ಪುಡಿ ಉದುರಿಸಬೇಕು. ನಮ್ಮ ಬೇಸಿಗೆಯಲ್ಲಿ ಕಟ್ಟಿಗೆ ಮೊದಲೇ ಬಿಸಿ, ನಾನೂ ಬಿಸಿ, ನಡುವೆ ಕರೆಂಟು ಬೇರೆ ಹೋಗುತ್ತದೆ. ಆಮೇಲೆ ಫೆವಿಕ್ವಿಕ್ ಹಚ್ಚಿ ಹಿತ್ತಾಳೆ ಕೊಳವೆ ಕೂರಿಸಬೇಕು. ಒಂದು ಸಲ ಕೊಳವೆ ನನ್ನ ಹೆಬ್ಬೆರಳಿಗೇ ಕೂತಿತು. ಹನ್ನೊಂದು ತುಂಡು ಒಲೆಗೆ ಹೋದ ಮೇಲೆ ಹತ್ತು ಪೆನ್ನಾದವು. ಒಂಬತ್ತು ಬಳ್ಳಾರಿ ಜಾಲಿಯವು. ರಸ್ತೆ ಬದಿಗೆ ನಿಂತು ಎಲ್ಲರ ಹತ್ತಿರ ಬೈಸಿಕೊಳ್ಳುವ ಆ ಮುಳ್ಳಿನ ಗಿಡ, 600ರ ಪಾಲಿಶ್ ಪೇಪರ್ ತಿಕ್ಕಿದ ಮೇಲೆ ನೋಡಬೇಕು ನೀವು! ಹತ್ತನೆಯದು ಬೇವಿನದು. ಅದು ಅಕ್ಕನ ಮಗನಿಗೆ ಅಂತಲೇ.

ವಿಳಾಸ ಬರೆಯೋಕೆ ಆ ಬೇವಿನ ಪೆನ್ನನ್ನೇ ತೆಗೆದಿದ್ದೆ. ನನ್ನ ಕೈಬರಹದಿಂದಲೇ ಶುರುವಾಗಲಿ ಅಂತ ಒಂದು ಹುಚ್ಚು.

"ಸರ್, ಪೆನ್ನ ಕೊಡ್ರಿ ಸ್ವಲ್ಪ."

ಬಿಳಿ ಅಂಗಿ, ಕೈಯಲ್ಲಿ ಫಾರ್ಮು. ಕೊಟ್ಟೆ. ಆತ ಬರೆಯಲಿಲ್ಲ. ಮೊದಲು ತೂಗಿ ನೋಡಿದ. ಕಿವಿ ಹತ್ತಿರ ಅಲ್ಲಾಡಿಸಿದ. ತಲೆ ಒತ್ತಿದ, ಏನೂ ಆಗಲಿಲ್ಲ. ಜೋರಾಗಿ ಒತ್ತಿದ. "ಕಟಗಿದೇನ್ರಿ ಇದು?" ಅಂತ ಉಗುರಿನಿಂದ ಕೆರೆದ. ನಾನು "ತಿರುವ್ರಿ, ತಿರುವ್ರಿ" ಅನ್ನುವಷ್ಟರಲ್ಲಿ ಎರಡೂ ಕೈಯಿಂದ ಜಗ್ಗಿಯೇಬಿಟ್ಟ. ಈ ಪೆನ್ನಿನ ಮೇಲರ್ಧ ಜಗ್ಗಿದರೆ ಬರುತ್ತದೆ, ರೀಫಿಲ್ ಬದಲಿಸೋಕೆ ಅಂತಲೇ ಹಾಗೆ ಇರುವುದು. ಬಂತು. ಆತ ಗೆದ್ದವನಂತೆ ನಕ್ಕು ಆ ಮೇಲರ್ಧವನ್ನು ನನ್ನ ಅಂಗೈಯಲ್ಲಿಟ್ಟ.

"ಕ್ಯಾಪ್ ನೀವೇ ಇಟ್ಕೊಳ್ರಿ ಸರ್. ಯಾರ ಮ್ಯಾಲೂ ಭರೋಸಾ ಇಡಬಾರ್ದು ಈಗ."

ಅಷ್ಟರಲ್ಲಿ ನನ್ನ ಸರದಿ ಬಂತು. ತೂಕ ಹಾಕಿಸಿ ತಿರುಗಿ ನೋಡಿದರೆ ಬಿಳಿ ಅಂಗಿ ಇಲ್ಲ. ಹೊರಗೆ ಓಡಿದೆ. ಮಧ್ಯಾಹ್ನದ ಕಲಬುರಗಿಯಲ್ಲಿ ಬಿಳಿ ಅಂಗಿಯವನನ್ನು ಹುಡುಕುವುದು ಅಂದರೆ ತೊಗರಿ ಚೀಲದಲ್ಲಿ ಒಂದು ತೊಗರಿ ಹುಡುಕಿದ ಹಾಗೆ. ಕಂಡ ಕಂಡವರ ಜೇಬು ದಿಟ್ಟಿಸಿದೆ. ಒಬ್ಬ ತನ್ನ ಫೋನನ್ನು ಗಟ್ಟಿ ಹಿಡಿದುಕೊಂಡ.

ಆಳಂದ ಕಡೆ ನಮ್ಮ ಹಳೇ ಮನೆ ಮುಂದೆ ಇದ್ದ ಬೇವು ಅದು. ಹುಡುಗ ಶಾಲೆಗೆ ಹೋಗಲ್ಲ ಅಂತ ಪಾಟಿಚೀಲ ಸಮೇತ ಅದನ್ನು ಹತ್ತಿ ಕೂರುತ್ತಿದ್ದ, ಅಕ್ಕ ಕೆಳಗೆ ಕಡ್ಡಿ ಹಿಡಿದು ನಿಲ್ಲುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಕಡಿದರು. ಈಗ ಅವನ ವಿಳಾಸದಲ್ಲಿ ಊರೇ ಇಲ್ಲ. ಹೆಸರು, ನಂಬರು, ಯುನಿಟ್, 56 ಎಪಿಒ ಅನ್ನುವ ಸೈನ್ಯದ ಅಂಚೆ ಕಚೇರಿ, 9ರಿಂದ ಶುರುವಾಗುವ ಪಿನ್ ಕೋಡು, ಅಷ್ಟೇ. ಹಿಮದಲ್ಲಿದ್ದಾನೋ ಮರಳಿನಲ್ಲಿದ್ದಾನೋ ಅಕ್ಕನಿಗೂ ಗೊತ್ತಿಲ್ಲ.

ವಾಪಸ್ ಬಂದು ಡಬ್ಬಿ ಬಿಚ್ಚಿ, ಒಂಬತ್ತು ಪೆನ್ನಿನ ಜೊತೆ ಆ ಮೇಲರ್ಧವನ್ನೂ ಹಾಕಿದೆ. ಒಂದು ಚೀಟಿ ಬರೆದೆ: 'ಇದರ ಕೆಳಗಿನ ಅರ್ಧ ಕಲಬುರಗಿಯಲ್ಲೇ ಯಾರದೋ ಜೇಬಿನಾಗದ. ರಜಾಕ್ಕ ಬಾ, ಇಬ್ಬರೂ ಕೂಡಿ ಹುಡುಕೋಣ.' ಚೀಟಿ ಬರೆದದ್ದು ಕೌಂಟರಿಗೆ ದಾರದಿಂದ ಕಟ್ಟಿದ್ದ ಪೆನ್ನಿನಿಂದ. ದಾರ ಎಷ್ಟು ಗಿಡ್ಡ ಅಂದರೆ ಗಲ್ಲವನ್ನು ಕಟ್ಟೆ ಮೇಲಿಟ್ಟು ಬರೆಯಬೇಕಾಯಿತು. ಆದರೂ ಡಬ್ಬಿಯಿಂದ ಇನ್ನೊಂದು ಪೆನ್ನು ಹೊರಗೆ ತೆಗೆಯಲಿಲ್ಲ.