ಕೊಡಲಿ ನಕಲು ಮಾಡಬೇಕು ಅಂದ್ರೆ ಅದರ ಏಟಿನ ಗುರುತನ್ನ ನಕಲು ಮಾಡಬೇಕು

ನಾನು ಮಾಡಿದ ಹಳೇ ಕಾಲದ ಥರದ ಕೊಡಲಿ ಫೋಟೋ ಹೋದ ವಾರ ಹಾಕಿದ್ದೆ, ಅದನ್ನ ನೋಡಿ ಸುಮಾರು ಜನ ಕೇಳಿದ್ರಿ, ಗೋಡೆಗೆ ನೇತು ಹಾಕೋಕೆ ನಮಗೂ ಒಂದು ಮಾಡಿಕೊಡ್ತೀಯಾ ಅಂತ. ಇಲ್ಲ, ಮಾಡಿಕೊಡಲ್ಲ. ಬೇಜಾರು ಮಾಡ್ಕೋಬೇಡಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಟೈಮ್ ಇದ್ದಾಗ ಓದಿ.

ಗೊತ್ತಿಲ್ಲದೋರಿಗೆ ಹೇಳ್ತೀನಿ, ನಾನಿರೋದು ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿ, ವಾರಪೂರ್ತಿ ಆಫೀಸು, ಶನಿವಾರ ಭಾನುವಾರ ಮಾತ್ರ ನಾಲ್ಕೈದು ಜನ ಸೇರಿ ಬಾಡಿಗೆಗೆ ಹಿಡಿದಿರೋ ಒಂದು ಕುಲುಮೆ. ಅಲ್ಲಿ ನಾಲ್ಕು ವರ್ಷದಿಂದ ಮಾಡ್ತಿರೋದು ಒಂದೇ ಕೆಲಸ, ಯುರೋಪಿನ ಮಧ್ಯಯುಗದ ಬಡಗಿಗಳು ಬಳಸ್ತಿದ್ದ ಕೈ ಸಲಕರಣೆಗಳನ್ನ ಮತ್ತೆ ಮಾಡೋದು, ಕೊಡಲಿ, ಬಾಚಿ (ಬಾಯಿ ಅಡ್ಡಕ್ಕೆ ಇರತ್ತಲ್ಲ, ಅದು), ಬೈರಿಗೆ (ಮರಕ್ಕೆ ತೂತು ಕೊರೆಯೋದು), ಉಳಿ ಇವೇ.

ಈ ಹುಚ್ಚು ಹತ್ತಿದ್ದು ಸ್ಟಾಕ್‌ಹೋಮ್ ಇತಿಹಾಸ ಮ್ಯೂಸಿಯಮ್ಮಲ್ಲಿ ಒಂದು ಪೆಟ್ಟಿಗೆ ನೋಡಿದ ಮೇಲೆ. ಗಾಟ್‌ಲ್ಯಾಂಡ್ ಅನ್ನೋ ದ್ವೀಪದಲ್ಲಿ ಮೆಸ್ಟರ್‌ಮ್ಯೂರ್ ಅಂತ ಒಂದು ದೊಡ್ಡ ಜೌಗು ಇತ್ತು, ನೀರು ಬಸಿದು ಹೊಲ ಮಾಡಿದ್ರು, 1936ರಲ್ಲಿ ಅಲ್ಲಿ ಉಳ್ತಿದ್ದ ರೈತನ ನೇಗಿಲಿಗೆ ಓಕ್ ಮರದ ಒಂದು ಪೆಟ್ಟಿಗೆ ಸಿಕ್ತು. ಹತ್ತಿರ ಹತ್ತಿರ ಸಾವಿರ ವರ್ಷ ಹಳೇದು, ವೈಕಿಂಗ್ ಕಾಲದ್ದು. ಪೆಟ್ಟಿಗೆ ಒಳಗೆ, ಸುತ್ತಮುತ್ತ ಎಲ್ಲಾ ಸೇರಿ ಇನ್ನೂರಕ್ಕೂ ಹೆಚ್ಚು ಸಾಮಾನು, ಕೊಡಲಿ, ಬಾಚಿ, ಗರಗಸ, ಅರ, ಬೈರಿಗೆ ಬಾಯಿಗಳು, ಜೊತೆಗೆ ಸುತ್ತಿಗೆ ಇಕ್ಕಳ ಅಡಿಗಲ್ಲು. ಅಂದ್ರೆ ಬಡಗಿ ಕೆಲಸ ಕಮ್ಮಾರ ಕೆಲಸ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಗಾಜಿನ ಮುಂದೆ ಎಷ್ಟೊತ್ತು ನಿಂತಿದ್ದೆನೋ ನೆನಪಿಲ್ಲ, ಊರಲ್ಲಿ ಬಡಗಿ ಆಚಾರ್ರ ಚೀಲ ಬಿಚ್ಚಿದ ಹಾಗೇ ಇತ್ತು.

ಊರಿಂದ... ಸಾರಿ, ಅಲ್ಲಿಂದ ಮನೆಗೆ ಬಂದು ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಪುಸ್ತಕದಲ್ಲಿದ್ದ ಅಳತೆ ತಗೊಂಡು, ಮಿಲಿಮೀಟರ್ ಲೆಕ್ಕದಲ್ಲಿ ಅದೇ ಥರ ಒಂದು ಕೊಡಲಿ ಮಾಡಿದೆ. ನೋಡೋಕೆ ಥೇಟ್ ಅದೇ, ಮರಕ್ಕೆ ಹಾಕಿದ್ರೆ ಕೆಲಸವೇ ಆಗಲ್ಲ. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಹೊಳೀತು, ಮ್ಯೂಸಿಯಮ್ಮಲ್ಲಿರೋದು ಆ ಕೊಡಲಿಯ ಮುಪ್ಪು! ನಮ್ಮ ಕಡೆ ನೇಗಿಲ ಕುಳ ತಟ್ಟಿಸಿ ತಟ್ಟಿಸಿ ಗೇಣುದ್ದ ಇದ್ದದ್ದು ಬೆರಳುದ್ದ ಆಗೋದು ನೋಡಿದ್ದೀವಲ್ಲ, ಹಾಗೇ. ವರ್ಷಾನುಗಟ್ಟಲೆ ಸಾಣೆ ಹಿಡಿದು ಸವೆದದ್ದು ಒಂದು ಕಡೆ, ಆಮೇಲೆ ಮಣ್ಣಲ್ಲಿ ತುಕ್ಕು ತಿಂದದ್ದು ಇನ್ನೊಂದು ಕಡೆ. ಮೊದಲು ಹೋಗೋದು ಬಾಯಿಯೇ, ಅದರಲ್ಲೇ ಅದರ ಪ್ರಾಣ ಇರೋದು. ಆಗ ಉಕ್ಕು ದುಬಾರಿ, ಅದಕ್ಕೆ ಮೈಯೆಲ್ಲಾ ಮೆತ್ತಗಿನ ಕಬ್ಬಿಣ ಇಟ್ಟು ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕು ಬೆಸೀತಿದ್ರು, ಆ ಉಕ್ಕೆಲ್ಲಾ ಸವೆದು ಹೋದ ಕೊಡಲಿಯ ಅಳತೆ ತಗೊಂಡ್ರೆ ಏನು ಬರತ್ತೆ?

ಹಾಗಾದ್ರೆ ಹರೆಯದ ಕೊಡಲಿ ಎಲ್ಲಿ ಸಿಗತ್ತೆ ಅಂದ್ರೆ, ಮರದಲ್ಲಿ. ಕೊಡಲಿ ಸವೆದು ಹೋದ್ರೂ ಅದು ಕೆತ್ತಿದ ತೊಲೆ ಮೇಲೆ ಪ್ರತಿ ಏಟಿನ ಗುರುತು ಉಳಿದಿರತ್ತೆ, ಬಾಯಿ ಎಷ್ಟು ಅಗಲ, ಎಷ್ಟು ಬಾಗಿತ್ತು, ಕೆತ್ತಿದವನು ಯಾವ ಕಡೆ ನಿಂತಿದ್ದ ಎಲ್ಲಾ. ಬಾಯಲ್ಲಿ ಎಲ್ಲೋ ಒಂದು ಸಣ್ಣ ಮುಕ್ಕು ಇದ್ರೆ ಅದು ಪ್ರತಿ ಏಟಲ್ಲೂ ಒಂದು ಗೆರೆ ಬಿಡತ್ತೆ, ಆ ಗೆರೆ ಹಿಡ್ಕೊಂಡು ಈ ಹಲಗೆ ಆ ಹಲಗೆ ಎರಡೂ ಒಂದೇ ಕೊಡಲಿಯಿಂದ ಆಗಿದ್ದು ಅಂತ ಪುರಾತತ್ವದವರು ಹೇಳ್ತಾರೆ.

ಡೆನ್ಮಾರ್ಕಿನ ರೋಸ್ಕಿಲ್ಡದಲ್ಲಿ ಇದನ್ನ ಮಾಡಿ ತೋರಿಸಿದ್ರು. ಅಲ್ಲಿ 1962ರಲ್ಲಿ ನೀರೊಳಗಿಂದ ಎತ್ತಿದ ಹಡಗುಗಳಲ್ಲಿ ಒಂದು 1042ರಲ್ಲಿ ಐರ್ಲೆಂಡಿನ ಡಬ್ಲಿನ್ ಹತ್ತಿರ ಕಟ್ಟಿದ್ದು, ಸುಮಾರು 30 ಮೀಟರ್ ಉದ್ದ. ಅದರ ಹಲಗೆ ಮೇಲಿನ ಗುರುತು ನೋಡಿ, ಆ ಗುರುತು ಬರೋ ಥರ ಸಲಕರಣೆ ಮಾಡಿಸಿ, 2000ದಿಂದ 2004ರವರೆಗೆ ಹೊಸದಾಗಿ ಅದೇ ಹಡಗು ಕಟ್ಟಿದ್ರು. ಹಲಗೆಗೆ ಗರಗಸ ಇಲ್ಲ, ಸೌದೆ ಸೀಳೋ ಹಾಗೆ ದಿಮ್ಮಿಗೆ ಬೆಣೆ ಹೊಡೆದು ಎರಡು, ನಾಲ್ಕು, ಎಂಟು ಹೋಳು ಮಾಡ್ತಾ ಹೋಗಿ ಆಮೇಲೆ ಕೊಡಲಿಯಲ್ಲೇ ನಯ ಮಾಡೋದು, ಮರದ ನಾರು ಕತ್ತರಿಸಿ ಹೋಗಲ್ಲ, ಹಲಗೆ ತೆಳ್ಳಗಿದ್ರೂ ಗಟ್ಟಿ. 2007ರಲ್ಲಿ ಆ ಹಡಗು ಡಬ್ಲಿನ್‌ವರೆಗೆ ಹಾಯಿ ಬಿಚ್ಚಿ ಹೋಯ್ತು.

ನಮ್ಮಲ್ಲಿಂದ ಕಾರಲ್ಲಿ ಮೂರು ಗಂಟೆ ದೂರ ಸೋದ್ರ ರೋಡ ಅಂತ ಊರಿದೆ, ಅಲ್ಲಿ 1300ರ ಆಚೀಚಿನ ಮರದ ಚರ್ಚ್ ಇತ್ತು, 1323ರ ಮತ್ತೆ 1494ರ ಚಿತ್ರಗಳಿದ್ವು ಗೋಡೆ ಮೇಲೆ, 2001ರಲ್ಲಿ ಸುಟ್ಟು ಹೋಯ್ತು. ಅದನ್ನ ಮತ್ತೆ ಹಳೇ ವಿಧಾನದಲ್ಲೇ ಕಟ್ಟೋಕೆ ಹೊರಟಾಗ ಇಲ್ಲಿನ ಮರಗೆಲಸದವರಿಗೆ ಎದುರಾದ ಪ್ರಶ್ನೆಗಳಲ್ಲಿ ಒಂದು, ಆ ಕಾಲದ ತೊಲೆಗಳ ಮೇಲೆ ಮೀನಿನ ಮುಳ್ಳಿನ ಥರ ಕಾಣೋ ಗುರುತು ಹೇಗೆ ಬಂತು ಅನ್ನೋದು. ಕೊಡಲಿ ಆಕಾರ, ಏಟಿನ ದಿಕ್ಕು, ನಿಲ್ಲೋ ಭಂಗಿ ಎಲ್ಲಾ ಬದಲಿಸಿ ಬದಲಿಸಿ ನೋಡಿಯೇ ಅದನ್ನ ಕಲಿಬೇಕಾಯ್ತು. ಹೇಳಿಕೊಡೋಕೆ ಯಾರೂ ಬದುಕಿಲ್ಲವಲ್ಲ.

ಇನ್ನು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಎಲ್ಲರಿಗೂ ಗೊತ್ತು. 2019ರ ಏಪ್ರಿಲ್ 15ಕ್ಕೆ ಬೆಂಕಿ ಬಿತ್ತು, 2024ರ ಡಿಸೆಂಬರಲ್ಲಿ ಮತ್ತೆ ಬಾಗಿಲು ತೆರೀತು. ಮಾಡಿನ ತೊಲೆಗಳನ್ನ ಹಸಿ ಓಕ್ ಮರದಿಂದ ಕೈಯಲ್ಲೇ ಕೆತ್ತಿದ್ರು, ಅದಕ್ಕೆ ಅಂತಲೇ ಸುಮಾರು 60 ಕೊಡಲಿ ಕುಲುಮೆಯಲ್ಲಿ ಬಡಿಸಿದ್ರು. ಟಿವಿಯವರು ಗೋಪುರ ತೋರಿಸಿದ್ರು, ಕೊಡಲಿ ಬಗ್ಗೆ ಎರಡು ನಿಮಿಷ. ನನಗೆ ಆ ಎರಡು ನಿಮಿಷವೇ ಮುಖ್ಯ.

ತೊಲೆ ಚಚ್ಚೌಕ ಮಾಡೋ ಈ ಅಗಲ ಬಾಯಿಯ ಕೊಡಲಿ ಸೌದೆ ಕೊಡಲಿ ಥರ ಅಲ್ಲ. ಅದಕ್ಕೆ ಒಂದೇ ಕಡೆ ಸಾಣೆ, ಮರದ ಕಡೆ ಇರೋ ಮುಖ ಪೂರ್ತಿ ಚಪ್ಪಟೆ, ಕಾವು, ಅಂದ್ರೆ ಮರದ ಹಿಡಿ, ಅದು ಕೂಡ ಸ್ವಲ್ಪ ಪಕ್ಕಕ್ಕೆ ವಾಲಿರತ್ತೆ, ಇಲ್ಲಾಂದ್ರೆ ಬೆರಳ ಗೆಣ್ಣು ಸಿಪ್ಪೆ ಏಳತ್ತೆ. ಇಂಥದ್ದೊಂದು ಮಾಡೋಕೆ ಹಳೇ ಕಬ್ಬಿಣದ ಸರಪಳಿ ತಂದು ಮೈ ಬಡಿದೆ, ಬಾಯಿಗೆ ಉಕ್ಕಿನ ಪಟ್ಟಿ ಇಟ್ಟು, ಬೆಸುಗೆ ಹಿಡೀಲಿ ಅಂತ ಬಿಳಿಗಾರ (ಬೊರಾಕ್ಸ್) ಉದುರಿಸಿ, ಬೆಂಕಿಯಲ್ಲಿ ಹಳದಿ ದಾಟಿ ಬೆಳ್ಳಗಾಗಿ ಕಿಡಿ ಹಾರೋವರೆಗೆ ಕಾಯಿಸಿ ಬೆಸೆದೆ. ಎಣ್ಣೆಗೆ ಅದ್ದಿ ಗಟ್ಟಿ ಮಾಡಿ, ಒಣ ಭತ್ತದ ಹುಲ್ಲಿನ ಬಣ್ಣ ಬರೋವರೆಗೆ ಮತ್ತೆ ಮೆಲ್ಲಗೆ ಕಾಯಿಸಿ ಹದ ಇಳಿಸಿ, ಕಾವು ಹಾಕಿ, ಖುಷಿಯಿಂದ ದಿಮ್ಮಿಗೆ ಹಾಕಿದೆ. ಮೂರನೇ ಏಟಿಗೆ ಉಕ್ಕು ಅರ್ಧ ಕಿತ್ತು ಬಂತು. ಒಳಗೆ ಕಿಟ್ಟ ಸಿಕ್ಕಿಕೊಂಡಿತ್ತು, ಮೇಲಿಂದ ಕಾಣಲ್ಲ. ಎರಡು ತಿಂಗಳ ಶನಿವಾರ ಎಲ್ಲಾ ಹೋಯ್ತು, ಅತ್ತುಬಿಡೋಣ ಅನ್ನಿಸ್ತು ಆವತ್ತು. ಆದ್ರೆ ಗೋಡೆಗೆ ನೇತು ಹಾಕಿದ್ರೆ ಆ ಕಿಟ್ಟ ಅಲ್ಲಿದೆ ಅಂತ ನೂರು ವರ್ಷ ಆದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ, ನಾನು ಮಾಡಿಕೊಡಲ್ಲ ಅನ್ನೋದು ಇದಕ್ಕೇ.

ಇದರಲ್ಲಿ ಇನ್ನೊಂದು ಗುಂಪಿದೆ, ಇದ್ದಿಲೇ ಬೇಕು, ಚರ್ಮದ ತಿದಿಯೇ ಬೇಕು, ಕಬ್ಬಿಣ ಕೂಡ ಅದಿರಿಂದ ನಾವೇ ತೆಗೀಬೇಕು, ಇಲ್ಲಾಂದ್ರೆ ನಕಲೇ ಅಲ್ಲ ಅನ್ನೋರು. ಅವರ ಶ್ರಮಕ್ಕೆ ಕೈ ಮುಗೀತೀನಿ, ಆದ್ರೆ ಒಪ್ಪಲ್ಲ. ನಾನು ಗ್ಯಾಸ್ ಒಲೆ ಉರಿಸ್ತೀನಿ, ಕರೆಂಟ್ ಸುತ್ತಿಗೆನೂ ಬಳಸ್ತೀನಿ, ಯಾಕಂದ್ರೆ ಬೆಂಕಿ ಯಾವುದು ಅಂತ ತೊಲೆಗೆ ಗೊತ್ತಾಗಲ್ಲ. ತೂಕ, ಬಾಯಿಯ ಬಾಗು, ಸಾಣೆಯ ಇಳಿಜಾರು, ಕಾವಿನ ಉದ್ದ, ಉಕ್ಕಿನ ಹದ, ಇವು ಗೊತ್ತಾಗತ್ತೆ. ಇವುಗಳಲ್ಲಿ ಒಂದು ಕೂದಲೆಳೆ ರಾಜಿನೂ ಮಾಡ್ಕೋಬಾರದು. ಬೈರಿಗೆ ಬಾಯಿ ಚಮಚದ ಆಕಾರ ಇರತ್ತೆ ಆಗಿನದು, ತುದಿಯಲ್ಲಿ ತಿರುಪು ಇಲ್ಲ, ತನ್ನಷ್ಟಕ್ಕೆ ಮರದೊಳಗೆ ಇಳಿಯಲ್ಲ, ಎದೆ ಭಾರ ಕೊಟ್ಟು ತಿರುಗಿಸಬೇಕು, ಆ ಚಮಚದ ಅಂಚು ಸ್ವಲ್ಪ ದಪ್ಪ ಆಯ್ತೋ ಮರ ಉಜ್ಜತ್ತೆ ಅಷ್ಟೇ, ಕೊರೆಯಲ್ಲ.

ಇದನ್ನೆಲ್ಲಾ ಫೋನಲ್ಲಿ ನಮ್ಮೂರು ತೀರ್ಥಹಳ್ಳಿ ಕಡೆ ಆಚಾರ್ರಿಗೆ ಹೇಳ್ತಿದ್ದೆ, ವೀಡಿಯೊದಲ್ಲಿ ನನ್ನ ಬಾಚಿ ತೋರಿಸಿದೆ. "ಹೊಡ್ದು ತೋರ್ಸು ಮಾರಾಯ, ಹಿಡ್ಕಂಡು ತೋರ್ಸಿದ್ರೆ ಎಂತ ಗೊತ್ತಾಗ್ತದೆ" ಅಂದ್ರು. ಹೊಡೆದೆ. ಚಕ್ಕೆ ಹಾರೋದು ನೋಡಿ, "ಬಾಯಿ ಜಾಸ್ತಿ ಒಳಗೆ ಎಳ್ದಿದೀಯ" ಅಂದ್ರು, ಅಳತೆಪಟ್ಟಿ ಹಿಡಿದು ನೋಡಿದ್ರೆ ಹೌದು.

ಆಮೇಲೆ ನಮ್ಮಪ್ಪ ಅಟ್ಟ ಹತ್ತಿ ಮನೆ ತೊಲೆ ಫೋಟೋ ತೆಗೆದು ಕಳಿಸಿದ್ರು, ಪಕ್ಕಕ್ಕೆ ಸ್ಕೇಲ್ ಇಟ್ಟು. ಒಂದೊಂದು ಗುರುತು ಎರಡೂವರೆ ಇಂಚು ಅಗಲ, ಎಡ ತುದಿಗೆ ಹತ್ರ ಎಲ್ಲಾ ಏಟಲ್ಲೂ ಒಂದು ಸಣ್ಣ ಗೆರೆ. ಹುಟ್ಟಿದಾಗಿಂದ ಆ ತೊಲೆ ಕೆಳಗೇ ಮಲಗಿದ್ದೆ, ಕತ್ತೆತ್ತಿ ನೋಡಿರಲಿಲ್ಲ. ಈಗ ಆ ಬಾಗಿಗೆ ಒಂದು ಬಾಚಿ ಬಡೀತಿದ್ದೀನಿ, ಎರಡು ಸಲ ಬಾಯಿ ತುಂಬಾ ಚಪ್ಪಟೆ ಬಂತು. ಡಿಸೆಂಬರಲ್ಲಿ ಊರಿಗೆ ಬರೋವಾಗ ಮೂರನೇದನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕ್ಕೊಂಡು ಬರ್ತೀನಿ, ಆಚಾರ್ರು ಒಂದು ಹಲಸಿನ ದಿಮ್ಮಿ ತೆಗೆದಿಟ್ಟಿರ್ತೀನಿ ಅಂದಿದಾರೆ.